ಉಳಿಸಿದ ಕೈ

ಮನೆಗೆ ಯಾರೇ ನೆಂಟರು ಬರಲಿ, ಊಟ ಮುಗಿದು ಎಲ್ಲರೂ ಕಾಲು ಚಾಚಿ ಕುಳಿತ ಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡು, "ಎಲ್ಲಿ, ನಿನ್ನ ಬಲಗೈ ತೋರಿಸು" ಎನ್ನುತ್ತಿದ್ದ. ತಂಗಿ ತೋರಿಸಬೇಕು. ಮುಷ್ಟಿ ಕಟ್ಟಬೇಕು, ಬಿಡಬೇಕು, ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸಬೇಕು. ಆಮೇಲೆ ಅಣ್ಣನ ಭಾಷಣ.

"ಸರ್ಜನ್ನು ಈ ಕೈ ತೆಗೆದೇಬಿಡ್ತೀನಿ ಅಂತ ಕೂತಿದ್ದ. ನಾನು ಬಿಡಲಿಲ್ಲ. ಇಪ್ಪತ್ತೈದು ದಿನ ನನ್ನ ಮಿಷಿನ್ ಕೆಳಗೆ ನಾನೇ ಕೈಯಾರೆ ಇಟ್ಟೆ. ಒಂದು ಗೀರಿಲ್ಲ, ಒಂದು ಹೊಲಿಗೆ ಇಲ್ಲ. ಇವತ್ತು ಇವಳು ಗಾಜು ಕತ್ತರಿಸಿ ನಾಲ್ಕು ಜನರ ಮುಂದೆ ತಲೆ ಎತ್ತಿ ಬದುಕ್ತಿದಾಳೆ ಅಂದ್ರೆ ಯಾರಿಂದ?"

"ನಿನ್ನಿಂದ ಅಣ್ಣ" ಎನ್ನುವುದು ತಂಗಿಯ ಪಾಲಿನ ಮಾತು. ಹದಿನೆಂಟು ವರ್ಷ ಅದನ್ನು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಮೊದಮೊದಲು ಕಣ್ಣು ತುಂಬಿ ಹೇಳುತ್ತಿದ್ದಳು, ಆಮೇಲೆ ರೂಢಿಯಿಂದ. ಈಚೆಗಂತೂ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು.

ಅವಳನ್ನು ಬೀದಿಯಲ್ಲಿ ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಅಪ್ಪನ ಕಾಲದ ಗಾಜಿನಂಗಡಿ ಅವಳದು. ಕಿಟಕಿಗೆ ಗಾಜು, ಕನ್ನಡಿ, ಫೋಟೋಗೆ ಚೌಕಟ್ಟು. ಅಣ್ಣನಿಗೆ ಆ ಧೂಳಿನ ಕೆಲಸ ಒಗ್ಗಲಿಲ್ಲ. ಓದಿ, ದೊಡ್ಡಾಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ಟೆಕ್ನಿಷಿಯನ್ ಆದ. ಅವಳಿಗಿಂತ ಹದಿನಾರು ವರ್ಷ ದೊಡ್ಡವನು. ಅಪ್ಪ ಸತ್ತ ಮೇಲೆ ಮನೆಯಲ್ಲಿ ಅವನದೇ ಮಾತು. ಅಂಗಡಿ ಮಾತ್ರ ತಂಗಿಯದು. ವಜ್ರದ ಮೊನೆಯ ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಮರದ ಪಟ್ಟಿಗೆ ತಾಗಿಸಿ ಒಂದೇ ಉಸಿರಿಗೆ ಗೆರೆ ಎಳೆಯುತ್ತಿದ್ದಳು. ಎರಡನೇ ಸಲ ಎಳೆದರೆ ಗಾಜು ಹಾಳು. ಆಮೇಲೆ ಗೆರೆಯ ಎರಡೂ ಪಕ್ಕ ಹಿಡಿದು ಟಕ್ಕೆಂದು ಮುರಿದರೆ ಅಂಚು ಬೆಣ್ಣೆ ಕುಯ್ದ ಹಾಗಿರುತ್ತಿತ್ತು. ಎಲ್ಲಾ ಬಲ ಮಣಿಕಟ್ಟಿನದು.

ಇಪ್ಪತ್ತಾರನೇ ವಯಸ್ಸಿನಲ್ಲಿ ಅದೇ ಮಣಿಕಟ್ಟು ಊದಿಕೊಂಡಿತ್ತು. ಮೂಳೆಯೊಳಗೆ ಗೆಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಬೆಳೆಯುತ್ತಾ ಮೂಳೆ ತಿನ್ನುವ ಜಾತಿಯದು. ಅಣ್ಣ ಆಸ್ಪತ್ರೆಯವನೇ ಆದ್ದರಿಂದ ಸರ್ಜನ್ ಕೋಣೆಗೆ ಅವನೊಬ್ಬನೇ ಹೋದ. ಅವಳು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಹತ್ತು ನಿಮಿಷದ ಮೇಲೆ ಬಂದು, "ಕೈ ತೆಗೀಬೇಕಂತೆ. ನೀನು ಹೆದರಬೇಡ, ನಮ್ಮ ವಿಭಾಗದಲ್ಲಿ ವಾಸಿ ಮಾಡ್ತೀವಿ" ಎಂದ. ಮಾರನೇ ದಿನ ಅವನು ಬೆರಳಿಟ್ಟ ಕಡೆಯೆಲ್ಲಾ ಅವಳು ಸಹಿ ಹಾಕಿದಳು. ಊತ ಇಳಿಯಿತು, ಮೂಳೆ ಗಟ್ಟಿಯಾಯಿತು, ಮಣಿಕಟ್ಟಿನ ಚರ್ಮ ಮಾತ್ರ ಅಂಗೈಯಗಲ ಕಪ್ಪಿಟ್ಟು ಬಿಗಿದುಕೊಂಡಿತು. ಅಂಗಡಿ ತೆರೆದಳು, ಮದುವೆಯಾದಳು. ಗಂಡ ಮೀಟರ್ ಓದುವ ಕೆಲಸದವನು. ಮಾತು ಕಮ್ಮಿ, ಚಹಾ ಜಾಸ್ತಿ.

ಹೀಗೆ ಹದಿನೆಂಟು ವರ್ಷ ಕಳೆದವು. ನಲವತ್ತನಾಲ್ಕಕ್ಕೆ ಮತ್ತೆ ನೋವು ಶುರುವಾಯಿತು.

ಮೊದಲು ಗಾಜು ಹೇಳಿತು. ಗೆರೆ ನೆಟ್ಟಗೆ ಬಂದರೂ ಮುರಿಯುವಾಗ ಅಂಚು ಕೊಕ್ಕೆ ಹೊಡೆಯುತ್ತಿತ್ತು. ಒಂದೇ ವಾರದಲ್ಲಿ ನಾಲ್ಕು ಹಾಳೆ ಹಾಳಾದವು. ಆಮೇಲೆ ಕಪ್ಪು ಚರ್ಮದ ಅಡಿಯಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತು; ಒತ್ತಿದರೆ ಕಲ್ಲು. ತಟ್ಟೆ ಹಿಡಿದರೆ ನೋವು, ಬಾಚಣಿಗೆ ಹಿಡಿದರೆ ನೋವು, ಸುಮ್ಮನೆ ಮಡಿಲಲ್ಲಿಟ್ಟುಕೊಂಡರೂ ನೋವು. ಗಂಡ ಎರಡು ದಿನ ನೋಡಿ ಮೂರನೇ ದಿನ ಅಂಗಡಿಯ ಬಾಗಿಲು ತಾನೇ ಎಳೆದು ಬೀಗ ಹಾಕಿದ.

"ನಡಿ ಆಸ್ಪತ್ರೆಗೆ."

"ಅಣ್ಣನಿಗೆ ಹೇಳೋಣ ರೀ, ಅವನು ಬರ್ಲಿ."

ಅಣ್ಣ ಬಂದ. ನಿವೃತ್ತಿಗೆ ಮೂರು ವಾರ ಬಾಕಿಯಿತ್ತು. ಕಾರಿಡಾರಿನಲ್ಲಿ ಎಲ್ಲರ ನಮಸ್ಕಾರ ಸ್ವೀಕರಿಸುತ್ತಾ, ತಂಗಿಯ ಕೈ ನೋಡಿದವನೇ ತೀರ್ಪು ಕೊಟ್ಟ: "ಉಳುಕು. ದೊಡ್ಡ ದೊಡ್ಡ ಗಾಜು ಒಬ್ಬಳೇ ಎತ್ತಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?"

ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹನ್ನೊಂದನೇ ದಿನ ಮೂವರನ್ನೂ ಕರೆದರು. ಮೂಳೆ ಡಾಕ್ಟರ್ ಅವಳಿಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿತ್ತು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಇರಲಿಲ್ಲ.

"ಇದು ಮೂಳೆ ಕ್ಯಾನ್ಸರ್ ಅಮ್ಮ."

ಗಂಡ ಕುರ್ಚಿಯ ಹಿಂಬದಿ ಹಿಡಿದುಕೊಂಡ. ತಂಗಿ ಕೇಳಿದಳು, "ಹಳೇ ಗೆಡ್ಡೆ ವಾಪಸ್ ಬಂತಾ?"

"ಇಲ್ಲ. ಅದು ಕ್ಯಾನ್ಸರೇ ಆಗಿರಲಿಲ್ಲ. ಇದು ಹೊಸದು, ಜಾತಿಯೇ ಬೇರೆ. ಆಗ ರೇಡಿಯೇಷನ್ ಕೊಟ್ಟಿದ್ರಲ್ಲ, ಅದೇ ಜಾಗದಲ್ಲಿ ಹುಟ್ಟಿದೆ. ಬಹಳ ಕಡಿಮೆ ಜನಕ್ಕೆ ಹೀಗಾಗತ್ತೆ, ಆಗೋದಾದ್ರೆ ಬಹಳ ವರ್ಷ ಕಳೆದ ಮೇಲೆ."

"ಆಗಲ್ಲ" ಎಂದ ಅಣ್ಣ. ಧ್ವನಿ ಕೋಣೆಗೆ ಮೀರಿ ಜೋರಾಗಿತ್ತು. "ಮೂವತ್ತಾರು ವರ್ಷ ಮಿಷಿನ್ ನಡೆಸಿದೀನಿ ನಾನು. ನೀವು ಸ್ಕೂಲಲ್ಲಿ ಇದ್ರಿ ಆವಾಗ. ಗಾಜಿನ ಪುಡಿ, ಸೀಮೆಎಣ್ಣೆ, ಇದರಲ್ಲೇ ದಿನಾ ಕೈ ಅದ್ಕೊಂಡಿರ್ತಾಳೆ. ಅದರಿಂದ ಬಂದಿರೋದು."

"ಗಾಜಿನ ಪುಡಿಯಿಂದ ಮೂಳೆಯೊಳಗೆ ಕ್ಯಾನ್ಸರ್ ಬರಲ್ಲ, ಸರ್."

"ಮಿಷಿನ್‌ನಿಂದ ಬಂದದ್ದನ್ನ ನೀವೇ ಕಂಡಿರಾ?"

"ಹಳೇ ಫೈಲ್ ಕಂಡೆ" ಎಂದರು ಡಾಕ್ಟರ್.

ಹಳೆಯ ಕಾಗದವೆಲ್ಲ ಹತ್ತು ವರ್ಷಕ್ಕೆ ಕಸಕ್ಕೆ ಹೋಗುತ್ತದೆ ಎಂದು ಅಣ್ಣನೇ ಮೊನ್ನೆ ಹೇಳಿದ್ದ. ಆದರೆ ಎಷ್ಟು ಕಿರಣ ಕೊಟ್ಟಿದ್ದರೆಂದು ತಿಳಿಯಲು ಡಾಕ್ಟರ್ ಅವನ ವಿಭಾಗದ ಕಪಾಟನ್ನೇ ತೆಗೆಸಿದ್ದರು, ಅಲ್ಲಿ ಜೋಪಾನವಾಗಿತ್ತು. ಹಳದಿಯಾದ ಹಾಳೆಯನ್ನು ಅವರು ಮೇಜಿನ ಮೇಲೆ ತಂಗಿಯ ಕಡೆಗೆ ತಿರುಗಿಸಿದರು. ಸರ್ಜನ್‌ರ ಕೈಬರಹ. ಅವಳಿಗೆ ಅಕ್ಷರಗಳು ಓಡಾಡಿದಂತೆ ಕಂಡವು. ಗಂಡನೇ ಬೆರಳಿಟ್ಟು ನಿಧಾನವಾಗಿ ಓದಿದ:

"ಗೆಡ್ಡೆಯನ್ನು ಕೆರೆದು ತೆಗೆದು, ಸೊಂಟದ ಮೂಳೆ ತುಂಬಿಸಿ ಕೈ ಉಳಿಸಬಹುದೆಂದು ತಿಳಿಸಲಾಯಿತು. ರೋಗಿಯ ಅಣ್ಣ ಆಪರೇಷನ್ ಬೇಡವೆಂದರು. ರೇಡಿಯೇಷನ್ ಕೊಟ್ಟರೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಬರುವ ಸಂಭವವಿದೆ ಎಂದು ಅವರಿಗೆ ವಿವರಿಸಿದ್ದೇನೆ."

ಕೆಳಗೆ ಅಣ್ಣನ ಸಹಿ, ಪಕ್ಕದಲ್ಲೇ ಅವಳದೂ.

ತಂಗಿ ಅಣ್ಣನ ಕಡೆ ತಿರುಗಿದಳು. "ಕೈ ತೆಗೀತಾರೆ ಅಂದಿದ್ದೆ ನೀನು."

"ಆ ಮನುಷ್ಯ ಏನೇನೋ ಬರ್ಕೊಳ್ತಿದ್ದ. ಸತ್ತು ಆರು ವರ್ಷ ಆಯ್ತು, ಈಗ ಅದನ್ನೆಲ್ಲ ಯಾಕೆ…"

"ಕೈ ಉಳಿಸ್ತೀನಿ ಅಂದಿದ್ರಂತೆ ಅವ್ರು."

"ಹದಿನೆಂಟು ವರ್ಷ ಉಳೀತಲ್ಲ!" ಅಣ್ಣ ಎದ್ದು ನಿಂತ. "ಹದಿನೆಂಟು ವರ್ಷ ತಿಂದದ್ದು ಉಂಡದ್ದು ಯಾವ ಕೈಯಲ್ಲಿ? ಅದನ್ನ ಹೇಳು ಮೊದ್ಲು!"

ಡಾಕ್ಟರ್ ಬಾಗಿಲ ಕಡೆ ನೋಡಿದರು. ಅಣ್ಣ ಅದನ್ನು ಅರ್ಥಮಾಡಿಕೊಂಡು ಹೊರಟುಹೋದ. ಉಳಿದದ್ದನ್ನು ಅವರು ಗಂಡಹೆಂಡತಿಗೆ ಹೇಳಿದರು. ಮೊದಲು ಆಪರೇಷನ್, ಮೊಣಕೈಯ ಸ್ವಲ್ಪ ಕೆಳಗೆ ಕೈ ತೆಗೆಯುವುದು. ಆಮೇಲೆ ಔಷಧಿ, ಆರು ಸುತ್ತು. ಶ್ವಾಸಕೋಶಕ್ಕೆ ಹೋಗಿಲ್ಲ, ಅದೊಂದು ಪುಣ್ಯ. ತಡ ಮಾಡಬಾರದು.

ಅವಳು ಮನೆಗೆ ಬಂದು ಅಳಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಬೆಂಕಿಯಿತ್ತು. ರಾತ್ರಿಯ ಅಡುಗೆಗೆ ಎಡಗೈಯಲ್ಲಿ ಈರುಳ್ಳಿ ಕತ್ತರಿಸಲು ಹೋಗಿ ಹಲಗೆಯನ್ನೇ ಗೋಡೆಗೆ ಎಸೆದಳು. ಗಂಡ ಈರುಳ್ಳಿ ಆರಿಸಿಕೊಂಡು ತಾನೇ ಕತ್ತರಿಸಿದ. ಅವನ ಮೇಲೂ ರೇಗಿದಳು, "ಅಷ್ಟು ದಪ್ಪ ಹೆಚ್ತಾರೇನ್ರೀ? ದನಕ್ಕೆ ಹಾಕ್ತೀರಾ?" ಅವನು ಇನ್ನೂ ಸಣ್ಣಗೆ ಹೆಚ್ಚಿದ.

ಮೂರನೇ ದಿನ ಅಣ್ಣ ಅಂಗಡಿಗೆ ಬಂದ. ಅವಳು ಕೈಯನ್ನು ಜೋಳಿಗೆ ಪಟ್ಟಿಯಲ್ಲಿ ತೂಗುಹಾಕಿಕೊಂಡು, ಬಂದ ಆರ್ಡರುಗಳನ್ನು ಪಕ್ಕದ ಬೀದಿಯ ಅಂಗಡಿಗೆ ವಹಿಸಿ ಕಳಿಸುತ್ತಿದ್ದಳು. ಅಣ್ಣ ಸ್ಟೂಲು ಎಳೆದು ಕುಳಿತ. ಆಪರೇಷನ್ ಯಾವತ್ತು ಎಂದು ಕೇಳಲಿಲ್ಲ.

"ಶುಕ್ರವಾರ ನನ್ನ ಬೀಳ್ಕೊಡುಗೆ ಇದೆ, ಆಸ್ಪತ್ರೆ ಹಾಲ್‌ನಲ್ಲಿ. ಎಲ್ಲರೂ ನಿನ್ನ ಕೇಳ್ತಿದಾರೆ. ಬಂದು ಕೂತ್ಕೋ ಸಾಕು. ಈ ವಿಷಯ ಮಾತ್ರ ಅಲ್ಲಿ ಎತ್ತಬೇಡ."

"ಯಾವ ವಿಷಯ?"

"ಗೊತ್ತಿಲ್ದೋರ ಹಾಗೆ ಆಡಬೇಡ."

"ಒಂದು ಮಾತು ಹೇಳು, ಬರ್ತೀನಿ. 'ಸರ್ಜನ್ ಕೈ ತೆಗೀತೀನಿ ಅಂದಿರಲಿಲ್ಲ, ನಾನು ಸುಳ್ಳು ಹೇಳಿದೆ' ಅನ್ನು. ಇಲ್ಲೇ, ನನ್ನೊಬ್ಬಳ ಮುಂದೆ ಅನ್ನು. ಮತ್ತೇನೂ ಬೇಡ ನಂಗೆ."

ಅಣ್ಣ ಗೋಡೆಗೊರಗಿಸಿದ್ದ ಕನ್ನಡಿಗಳಲ್ಲಿ ಎಲ್ಲೂ ತನ್ನನ್ನು ನೋಡಿಕೊಳ್ಳದ ಹಾಗೆ ನೆಲ ನೋಡಿದ. "ನಿನ್ನ ಸಾಕಿ ಬೆಳೆಸಿದೋನು ನಾನು. ಅಪ್ಪ ಸತ್ತಾಗ ನಿನಗೆ ಹತ್ತೊಂಬತ್ತು. ನನ್ನ ಬಾಯಲ್ಲಿ ಇಂಥ ಮಾತು ಆಡಿಸ್ತೀಯಾ?"

"ಆಡಿಸ್ತೀನಿ."

"ಹಾಗಾದ್ರೆ ಬರಬೇಡ ಬಿಡು."

ಅವಳು ಹೋದಳು. ಗಂಡ ಬೇಡವೆಂದ, ಕೇಳಲಿಲ್ಲ. ಇಸ್ತ್ರಿ ಮಾಡಿದ ಸೀರೆಯುಟ್ಟು, ಪಟ್ಟಿಯಲ್ಲಿ ಕೈ ತೂಗುಹಾಕಿಕೊಂಡು, ಮುಂದಿನಿಂದ ಎರಡನೇ ಸಾಲಿನಲ್ಲಿ ಅತ್ತಿಗೆಯ ಪಕ್ಕದಲ್ಲೇ ಕುಳಿತಳು. ಏನಾದರೂ ಮಾಡಬೇಕೆಂದು ಬಂದಿರಲಿಲ್ಲ. ಇವತ್ತು ಇವನ ಮುಖ ಹೇಗಿರುತ್ತದೋ ನೋಡಬೇಕೆಂದು ಮಾತ್ರ ಬಂದಿದ್ದಳು. ಅತ್ತಿಗೆ ಪಿಸುಗುಟ್ಟಿದಳು, "ಕೈ ಮೇಲೆ ಸೆರಗು ಹೊದ್ಕೋ."

"ಸೆಕೆ ಅತ್ತಿಗೆ."

ಮಧ್ಯಾಹ್ನದ ಹೊತ್ತು, ಹಾಲ್ ತುಂಬಾ ಜನ, ತಿರುಗದ ಎರಡು ಫ್ಯಾನು. ಹೂಗುಚ್ಛ ಕೊಟ್ಟರು, ಫಲಕ ಕೊಟ್ಟರು. ವಿಭಾಗದ ಮುಖ್ಯಸ್ಥರು ಮೈಕು ಹಿಡಿದು, "ನಮ್ಮವರ ಕೈಗುಣ ಎಂಥದ್ದು ಅಂದರೆ, ಸ್ವಂತ ತಂಗಿಯ ಕೈಯನ್ನೇ ಉಳಿಸಿದವರು. ಆ ಕಥೆ ಅವರ ಬಾಯಿಂದಲೇ ಕೇಳೋಣ" ಎಂದು ನಗುತ್ತಾ ಮೈಕನ್ನು ಅಣ್ಣನಿಗೆ ದಾಟಿಸಿದರು. ಅವರಿಗೆ ವಿಷಯ ತಿಳಿದಿರಲಿಲ್ಲ.

ಅಣ್ಣ ಮೈಕು ಹಿಡಿದ. ಅವಳನ್ನು ನೋಡಿದ. ಅವಳೂ ನೋಡಿದಳು. ಈಗಲಾದರೂ ಬೇರೆ ಏನಾದರೂ ಮಾತಾಡು, ಹವಾಮಾನದ ವಿಷಯ ಮಾತಾಡು, ನಿನ್ನ ಮೊಣಕಾಲು ನೋವಿನ ಬಗ್ಗೆ ಮಾತಾಡು ಎಂದು ಅವಳ ಮನಸ್ಸು ಬೇಡಿತು. ಹಾಗೇನಾದರೂ ಮಾಡಿದ್ದರೆ ಅವಳು ಎದ್ದು ಬಂದುಬಿಡುತ್ತಿದ್ದಳು.

"ಸರ್ಜನ್ನು ಕೈ ತೆಗೀತೀನಿ ಅಂತ ಕೂತಿದ್ದ" ಎಂದು ಅಣ್ಣ ಶುರುಮಾಡಿದ. "ನಾನು ಬಿಡಲಿಲ್ಲ…"

ಇಡೀ ಕಥೆ ಹೇಳಿದ. ಒಂದು ಗೀರಿಲ್ಲ, ಒಂದು ಹೊಲಿಗೆ ಇಲ್ಲ ಎಂಬಲ್ಲಿಗೆ ಬಂದಾಗ ಧ್ವನಿ ಕೊಂಚ ನಡುಗಿತು; ಜನ ಅದನ್ನು ಪ್ರೀತಿ ಎಂದುಕೊಂಡರು. ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ, "ತಂಗಿ ಎಲ್ಲಿದಾರೆ? ಏಳಿ ಅಮ್ಮ!" ಎಂದು ಕೂಗಿದರು.

ತಂಗಿ ಎದ್ದಳು. ಎಡಗೈಯಿಂದ ಪಟ್ಟಿ ಬಿಚ್ಚಿದಳು. ಊದಿದ ಮಣಿಕಟ್ಟು ಈಗ ದೊಡ್ಡ ಕಿತ್ತಳೆಯಷ್ಟಿತ್ತು. ಚರ್ಮ ಬಿರಿಯುವ ಹಾಗೆ ಮಿರುಗುತ್ತಿತ್ತು. ಮೊದಲ ಸಾಲಿನಲ್ಲಿದ್ದ ಒಬ್ಬ ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಇಲ್ಲಿದ್ದವರಿಗೆಲ್ಲ ಇದೇನೆಂದು ಹೇಳಿಕೊಡಬೇಕಿರಲಿಲ್ಲ.

"ಬುಧವಾರ ಇದನ್ನ ಕತ್ತರಿಸ್ತಾರೆ" ಎಂದಳು. ಮೈಕು ಬೇಕಾಗಲಿಲ್ಲ. "ಕ್ಯಾನ್ಸರ್. ಇವನ ಮಿಷಿನ್‌ನಿಂದ ಬಂದದ್ದು. ಸರ್ಜನ್ ಕೈ ಉಳಿಸ್ತೀನಿ ಅಂದಿದ್ರು, ಫೈಲಲ್ಲಿ ಬರ್ದಿದೆ, ನಿಮ್ಮ ಕಪಾಟಲ್ಲೇ ಇದೆ. ಬೇಕಾದೋರು ಓದ್ಕೊಳ್ಳಿ."

ಕುಳಿತುಕೊಳ್ಳಲಿಲ್ಲ. ಸಾಲಿನಿಂದ ಹೊರಬರುವಾಗ ನಾಲ್ಕು ಜನರ ಕಾಲು ತುಳಿದಳು. ಯಾರೂ ಹಾ ಎನ್ನಲಿಲ್ಲ.

ಸಂಜೆಯೊಳಗೆ ಅತ್ತಿಗೆಯ ಫೋನು ಬಂತು. "ಮೂವತ್ತಾರು ವರ್ಷದ ಮಾನ ಒಂದು ನಿಮಿಷದಲ್ಲಿ ಕಳೆದ್ಯಲ್ಲೇ. ಅವರು ಬಾಗಿಲು ಹಾಕ್ಕೊಂಡು ಕೂತಿದಾರೆ. ಒಂದು ತುತ್ತು ತಿಂದಿಲ್ಲ. ನಿನಗೆ ಕಾಯಿಲೆ ಬಂದ್ರೆ ಊರೋರಿಗೆಲ್ಲ ಉರಿ ಹಚ್ಬೇಕಾ?"

"ಹಸಿವಾದಾಗ ತಿಂತಾನೆ ಬಿಡಿ ಅತ್ತಿಗೆ" ಎಂದು ತಂಗಿ ಫೋನಿಟ್ಟಳು. ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮ, ಎಲ್ಲರದೂ ಒಂದೇ ರಾಗ: ಕೈ ವಿಷಯ ಬೇರೆ, ಸಭೆಯಲ್ಲಿ ಹಾಗೆ ಆಡಬಾರದಿತ್ತು. ಕೈ ವಿಷಯ ಯಾಕೆ ಬೇರೆ ಎಂದು ಒಬ್ಬರೂ ಬಿಡಿಸಿ ಹೇಳಲಿಲ್ಲ.

ಬುಧವಾರ ಕೈ ಹೋಯಿತು. ಎಚ್ಚರವಾದಾಗ ಇಲ್ಲದ ಬೆರಳುಗಳಲ್ಲಿ ಜುಮುಜುಮು ಎನ್ನುವ ಉರಿ. ಕತ್ತರಿಸಿದ್ದಾರೆಂದು ಕಣ್ಣು ಹೇಳಿದರೂ ಮೈ ಒಪ್ಪುತ್ತಿರಲಿಲ್ಲ. ಗಾಯ ಆರಿ ಔಷಧಿ ಶುರುವಾಯಿತು. ಮೊದಲ ಸುತ್ತಿಗೆ ವಾಂತಿ, ಎರಡನೆಯದಕ್ಕೆ ಕೂದಲು. ಗಂಡ ಮೀಟರ್ ಓದಿ ಮುಗಿಸಿ ಮಧ್ಯಾಹ್ನವೇ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದ. ಬಾಯಿ ತೊಳೆಸುತ್ತಿದ್ದ, ಬೈಸಿಕೊಳ್ಳುತ್ತಿದ್ದ.

ಮೊದಲ ಸುತ್ತಿನಲ್ಲೇ ಅವನು ಒಂದು ಸುದ್ದಿ ತಂದ. "ನಿಮ್ಮಣ್ಣ ಹೊರಗೆ ಬೆಂಚಲ್ಲಿ ಕೂತಿದಾರೆ. ಒಳಗೆ ಬರ್ಲಾ ಅಂತ ಕೇಳ್ತಿದಾರೆ."

"ಹೇಳೋ ಮಾತು ಹೇಳೋದಾದ್ರೆ ಬರ್ಲಿ. ಇಲ್ದಿದ್ರೆ ಬೆಂಚು ಸವೀಲಿ."

ಅಣ್ಣ ಬರಲಿಲ್ಲ. ಎರಡನೇ ಸುತ್ತಿಗೂ ಬೆಂಚಿನಲ್ಲೇ ಕುಳಿತಿದ್ದ. ಹಿಂದೆ ಅವನನ್ನು ಕಂಡರೆ ನಿಂತು ಮಾತಾಡುತ್ತಿದ್ದವರು ಈಗ ಫೋನು ನೋಡುತ್ತಾ ದಾಟಿಹೋಗುತ್ತಿದ್ದರಂತೆ. ಗಂಡ ಅದನ್ನು ಹೇಳಿದಾಗ ಅವಳಿಗೆ ಹಿತವಾಯಿತು. ಆ ಹಿತಕ್ಕೆ ನಾಚಿಕೆಯಾಗಲಿಲ್ಲ.

ನಾಲ್ಕನೇ ಸುತ್ತಿನ ದಿನ ಅಣ್ಣ ಒಳಗೆ ಬಂದ. ಗಡ್ಡ ಬಿಟ್ಟಿದ್ದ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಹಾಸಿಗೆಯ ಕಾಲ ಕಡೆ ನಿಂತು, ಅವಳ ಬೋಳು ತಲೆಯನ್ನಾಗಲೀ ಸುತ್ತಿದ ಮೋಟುಗೈಯನ್ನಾಗಲೀ ನೋಡದೆ, ಔಷಧಿಯ ಬಾಟಲಿಯ ಕಡೆ ನೋಡುತ್ತಾ ಹೇಳಿದ.

"ಸರ್ಜನ್ ಕೈ ತೆಗೀತೀನಿ ಅಂದಿರಲಿಲ್ಲ. ನಾನು ಸುಳ್ಳು ಹೇಳಿದೆ."

ಅವಳು ನಾಲ್ಕು ತಿಂಗಳು ಈ ಮಾತಿಗೆ ಕಾದಿದ್ದಳು. ಕೇಳಿದರೆ ಎದೆಯೊಳಗೆ ಏನೋ ಸಡಿಲವಾಗುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ.

"ಯಾಕೆ?" ಎಂದಳು. ಯಾಕೆಂದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ತಂಗಿಗೆ ಕತ್ತಿ ತಾಗಬಾರದೆಂಬ ಭಯ, ಮೋಹ. ಮೂರ್ಖತನವೇ ಆದರೂ ಪ್ರೀತಿಯದು. ಇಷ್ಟು ದಿನದ ಸಿಟ್ಟಿನ ಕೆಳಗೆ ಅಷ್ಟು ಮಾತ್ರ ಉಳಿಸಿಕೊಂಡಿದ್ದಳು.

ಅಣ್ಣ ಹಾಸಿಗೆಯ ಕಬ್ಬಿಣದ ಸರಳು ಹಿಡಿದುಕೊಂಡ. "ಆ ಸರ್ಜನ್‌ಗೂ ನನಗೂ ಆಗ್ತಿರಲಿಲ್ಲ. ಎಲ್ಲರ ಎದುರಿಗೆ ನನ್ನ 'ಸ್ವಿಚ್ ಒತ್ತೋನು' ಅಂತ ಕರೀತಿದ್ದ. ಹೆಸರು ಹಿಡಿದು ಕರೆದದ್ದೇ ಇಲ್ಲ. ಅವತ್ತು ಕೋಣೆಯಲ್ಲೂ ಹಾಗೇ ಅಂದ. 'ಸ್ವಿಚ್ ಒತ್ತೋನೇ, ನಿಮ್ಮ ತಂಗೀನ ನನ್ನ ಹತ್ರ ಬಿಡು, ನಿನ್ನ ಮಿಷಿನ್‌ಗೆ ಇದೆಲ್ಲ ಆಗೋಲ್ಲ' ಅಂದ. ನನಗೆ ಮೈಯೆಲ್ಲ ಉರಿದುಹೋಯ್ತು. ಆಗುತ್ತೆ ಅಂತ ತೋರಿಸ್ಬೇಕು ಅನ್ನಿಸ್ತು."

"ಅವನಿಗೆ ತೋರಿಸೋಕೆ."

"ಹೂಂ."

"ಕ್ಯಾನ್ಸರ್ ಬರಬಹುದು ಅಂದದ್ದು?"

"ಹೆದರಿಸ್ತಿದಾನೆ ಅಂದ್ಕೊಂಡೆ. ನೂರರಲ್ಲಿ ಯಾರೋ ಒಬ್ಬರಿಗೆ. ನಿನಗೇ ಬರುತ್ತೆ ಅಂತ…" ಅಣ್ಣ ಅಳುತ್ತಿದ್ದ. ಅವನು ಅತ್ತದ್ದನ್ನು ಅವಳು ಅಪ್ಪ ಸತ್ತಾಗಲೂ ಕಂಡಿರಲಿಲ್ಲ. "ನೀನು ಕೇಳಿದ್ಯಲ್ಲ, ಹೇಳಿದೀನಿ. ಎಲ್ಲಾ ಹೇಳಿದೀನಿ. ಇನ್ನಾದ್ರೂ…"

ಇಬ್ಬರು ಗಂಡಸರ ಜಗಳ. ಯಾರ ಕೈ ಮೇಲು ಎಂಬ ಜಗಳ. ಅದರ ನಡುವೆ ಮೇಜಿನ ಮೇಲಿಟ್ಟ ವಸ್ತುವಿನ ಹಾಗೆ ತನ್ನ ಮಣಿಕಟ್ಟು. ಬೆಂಚಿನ ಮೇಲೆ ಕುಳಿತು ಅಣ್ಣ ಬರುವ ದಾರಿ ಕಾಯುತ್ತಿದ್ದ ಇಪ್ಪತ್ತಾರರ ಹುಡುಗಿಯನ್ನು ನೆನೆದಾಗ, ಈ ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂತು. ಆ ನೀರು ತನಗಾಗಿ ಎಂದು ಅಣ್ಣ ತಪ್ಪು ತಿಳಿದ. ಒಂದು ಹೆಜ್ಜೆ ಮುಂದೆ ಬಂದ.

"ಅಲ್ಲೇ ನಿಲ್ಲು" ಎಂದಳು. "ಹೆದರಿ ಮಾಡಿದೆ ಅಂತ ಸುಳ್ಳು ಹೇಳಿದ್ರೂ ಆಗಿತ್ತು. ಇಷ್ಟು ದಿನ ಬಾಯಿಗೆ ಬಂದ ಸುಳ್ಳು ಇವತ್ತೇ ಯಾಕೆ ಬರಲಿಲ್ಲ ನಿನಗೆ?"

"ನಿಜ ಹೇಳು ಅಂದೋಳು ನೀನೇ."

"ಹೂಂ, ಅಂದೆ. ಕೇಳಿಸ್ಕೊಂಡೆ. ಇನ್ನು ಹೊರಡು."

"ಕ್ಷಮಿಸ್ತೀಯಾ ಅಂತ ಬಂದೆ."

"ಕ್ಷಮಿಸ್ತೀನಿ ಅಂತ ನಾನು ಯಾವತ್ತು ಅಂದಿದ್ದೆ? ಹೇಳು ಅಂದಿದ್ದೆ ಅಷ್ಟೇ."

ನರ್ಸು ಬಂದು ಅಣ್ಣನಿಗೆ, "ಸ್ವಲ್ಪ ದಾರಿ ಬಿಡಿ" ಎಂದಳು. ದಾರಿ ಬಿಟ್ಟವನು ಹಾಗೇ ಬಾಗಿಲು ದಾಟಿ ಹೋದ. ಉಳಿದ ಎರಡು ಸುತ್ತಿಗೆ ಬೆಂಚಿನ ಮೇಲೂ ಕಾಣಿಸಲಿಲ್ಲ.

ಆರು ಸುತ್ತು ಮುಗಿದವು. ಎದೆಯ ಸ್ಕ್ಯಾನು ಸ್ವಚ್ಛವಾಗಿ ಬಂತು. ಮೂರು ಮೂರು ತಿಂಗಳಿಗೆ ಬಂದು ಹೋಗಿ ಎಂದರು ಡಾಕ್ಟರ್. ಐದು ವರ್ಷ ದಾಟುವ ತನಕ ಏನೂ ಹೇಳಲಾಗದು ಎಂದೂ ಹೇಳಿದರು. ಆಗಲೂ ಸುತ್ತಿ ಬಳಸಿ ಮಾತಾಡಲಿಲ್ಲ. ಅವಳಿಗೆ ಅದೇ ಇಷ್ಟವಾಯಿತು.

ಗಂಡ ಕೆಲಸದಿಂದ ಬಂದ ಮೇಲೆ ಅಂಗಡಿ ತೆರೆಯುತ್ತಾರೆ, ದಿನಕ್ಕೆ ಮೂರು ತಾಸು. ಗೆರೆ ಅವಳೇ ಎಡಗೈಯಲ್ಲಿ ಎಳೆಯುತ್ತಾಳೆ. ಮರದ ಪಟ್ಟಿಯನ್ನು ಮೋಟುಗೈಯಿಂದ ಒತ್ತಿ ಹಿಡಿಯುತ್ತಾಳೆ. ಮುರಿಯುವುದು ಗಂಡನ ಪಾಲು. ಅವನು ಪ್ರತಿ ಸಲವೂ ಕಣ್ಣು ಮುಚ್ಚಿ ಮುರಿಯುತ್ತಾನೆ.

"ಕಣ್ಣು ಬಿಡ್ರೀ! ಗಾಜು ನಿಮ್ಮನ್ನ ತಿನ್ನಲ್ಲ."

"ತಿಂದ್ರೆ?"

"ತಿಂದ್ರೆ ಇನ್ನೊಂದು ಹಾಳೆ ತಗೊಂಡು ಬನ್ನಿ. ಅಷ್ಟೇ."

ಕಳೆದ ವಾರ ಅತ್ತಿಗೆ ಮತ್ತೆ ಫೋನು ಮಾಡಿದ್ದಳು. ಅಣ್ಣನಿಗೆ ಸಕ್ಕರೆ ಕಾಯಿಲೆ ಏರಿದೆಯಂತೆ, ಮಾತಾಡುವುದು ಕಡಿಮೆಯಾಗಿದೆಯಂತೆ, ಒಂದು ಸಲ ಬಂದು ಹೋಗು ಎಂದಳು. ತಂಗಿ ಪೂರ್ತಿ ಕೇಳಿಸಿಕೊಂಡಳು. ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾರೆ ಎಂದಳು. ನಿಜವಾಗಿಯೂ ನಿಂತಿದ್ದರು, ಸ್ನಾನದ ಮನೆಗೆ ಒಂದು ಅಡಿ ಅಗಲದ ಕನ್ನಡಿ ಬೇಕಿತ್ತು. ಅವಳು ಫೋನಿಟ್ಟು, ಅಳತೆ ಇನ್ನೊಂದು ಸಲ ಕೇಳಿಕೊಂಡಳು.